ಮಂದಾಕಿನಿ ದಡ ಸೇರಿದ ಪುಟ

ಹುಡುಗಿಯಾಗಿದ್ದಾಗ ಪ್ರಾಣದಂತೆ ಹಚ್ಚಿಕೊಂಡಿದ್ದ ಪತ್ತೇದಾರಿ ಮಾಲೆಯನ್ನು ವನಮಾಲಾ ಈಗ ಮಗಳಿಗೆಂದು ಹೊಸದಾಗಿ ಕೊಂಡು, ತಾನೇ ಮೊದಲು ಓದಿದಳು. ಕೊನೆಯ ಪುಸ್ತಕದಲ್ಲಿ ಮಂದಾಕಿನಿ ಎಂಬ ನಾಯಕಿ ಹೊಳೆಯಲ್ಲಿ ಮುಳುಗಿ ಸತ್ತೇಹೋದಳು! ತನ್ನ ಹಳೆಯ ಪ್ರತಿಯಲ್ಲಿ ಅವಳು ಈಜಿ ದಡ ಸೇರಿ, ದೇವರಿಗೆ ಕೈ ಮುಗಿದಿದ್ದಳಲ್ಲ?

ಎರಡನ್ನೂ ಹಿಡಿದು ಅಪ್ಪನ ಮುಂದೆ ಕೂತಳು. ಆ ಮಾಲೆ ಅಚ್ಚಾಗುತ್ತಿದ್ದ ಪ್ರೆಸ್ಸಿನಲ್ಲೇ ಅಪ್ಪ ಆಗ ಅಕ್ಷರದ ಮೊಳೆ ಜೋಡಿಸುತ್ತಿದ್ದರು.

"ನೋಡಪ್ಪ, ಈಗಿನೋರು ಕಥೇನೇ ತಿರುಚಿದಾರೆ. ಕಳ್ಳರು!"

"ಪಾಪ, ಅವರನ್ನ ಬೈಬೇಡ. ಮೊದಲಿಂದ್ಲೂ ಅವಳು ಸಾಯೋದೇ."

"ಮತ್ತೆ ನನ್ನ ಪುಸ್ತಕ? ಯಾಕಪ್ಪ ಮುಖ ತಿರುಗಿಸ್ತೀಯ? ನಿಂಗೇನೋ ಗೊತ್ತು."

ಅಪ್ಪ ಜಪಮಾಲೆ ಕೆಳಗಿಟ್ಟರು.

"ನಿಮ್ಮಮ್ಮ ತೀರಿಕೊಂಡ ತಿಂಗಳು ಕಣೆ ಅದು. ನಿನ್ನೊಂದು ಪ್ರತಿಗೆ ಆ ಪುಟ ನಾನೇ ಬೇರೆ ಜೋಡಿಸಿ ಅಚ್ಚು ಹಾಕ್ದೆ."