ತೊಳೆಸದ ರೀಲು

ದರ್ಜಿ ಅಂಗಡಿಯಲ್ಲಿ ಮಾರಾಟಕ್ಕಿದ್ದ ಹಳೆಯ ಕ್ಯಾಮೆರಾದ ಹಿಂಬದಿಯ ಮುಚ್ಚಳವನ್ನು ನರ್ಸಮ್ಮ ತೆರೆದಳು. ಒಳಗೆ ರೀಲು ಇತ್ತು. ತಟ್ಟನೆ ಮುಚ್ಚಿದಳು, ಆದರೆ ಕಿಟಕಿಯ ಬಿಸಿಲು ಆಗಲೇ ಅದರ ಮೇಲೆ ಬಿದ್ದಾಗಿತ್ತು. ತೊಳೆಸದ ಚಿತ್ರಗಳು ಹಾಳಾಗಲು ಅಷ್ಟು ಬೆಳಕೇ ಸಾಕು. "ಅಮ್ಮಾ, ಮುಚ್ಚಳ ತೆಗೆದು ಒಳಗಿನ ಶಟರ್ ಪರದೆ ನೋಡು, ತೂತಿದ್ರೆ ಬೆಲೆ ಇಳಿಸು" ಎಂದು ಫೋಟೋ ತೆಗೆಯಲು ಕಲಿಯುತ್ತಿದ್ದ ಮಗಳು ಹೇಳಿಕೊಟ್ಟಿದ್ದಳು. ಮೊದಲು ರೀಲಿದೆಯೇ ಎಂದು ಕೇಳಬೇಕೆಂಬುದು ಇಬ್ಬರಿಗೂ ಹೊಳೆದಿರಲಿಲ್ಲ.

ಕೊರಳಿಗೆ ಅಳತೆ ಟೇಪು ಹಾಕಿಕೊಂಡಿದ್ದ ಮುದಿ ದರ್ಜಿ, ಗಿರಾಕಿಯನ್ನು ಕಳಿಸಿ ಒಳಬಂದ. "ಏನ್ ತಾಯಿ, ಇನ್ನೇನು ಹುಳುಕು ಸಿಕ್ತು? ಅತ್ತೆ ಕೂಡ ಸೊಸೇಲಿ ಇಷ್ಟು ಹುಡುಕಲ್ಲ!"

"ಏನಿಲ್ಲಣ್ಣ. ನೀವು ಹೇಳಿದ ಬೆಲೆಗೇ ತಗೋತೀನಿ."

"ಅಲ್ಲಾ, ಈಗ ತಾನೆ ಅರ್ಧಕ್ಕೆ ಕೇಳ್ತಿದ್ರಿ!" ನಗುತ್ತಲೇ ಅವನು ಕೈಚಾಚಿದ. "ಕೊಡಿ, ಒಳಗಿರೋ ರೀಲು ಸುತ್ತಿ ತೆಗೆದುಕೋತೀನಿ. ನಮ್ಮಾಕೆ ತೀರ್ಕೊಳ್ಳೋ ಮುಂಚೆ ಮೊಮ್ಮಗಳನ್ನ ಎತ್ತಿಕೊಂಡಿದ್ದು ಇದೊಂದರಲ್ಲೇ ಇರೋದು. ನಾಳೆ ತೊಳೆಸ್ತೀನಿ, ನಾಡಿದ್ದು ತೊಳೆಸ್ತೀನಿ ಅಂತ ಮುಂದೂಡ್ತಾನೇ ಬಂದೆ."

ಅವಳು ಕ್ಯಾಮೆರಾ ಬಿಡಲಿಲ್ಲ. ಮುಚ್ಚಳದ ಮೇಲೆ ಒತ್ತಿದ ಹೆಬ್ಬೆರಳು ಬೆಳ್ಳಗಾಗಿತ್ತು. ಸುಮ್ಮನಿದ್ದರಾಯಿತು, ರೀಲು ಹಳೆಯದಾಗಿ ಕೆಟ್ಟಿತೆಂದು ಅವನೇ ಅಂದುಕೊಳ್ಳುತ್ತಾನೆ.

"ನೂರು ಕಡಿಮೆನೇ ಕೊಡಿ, ಮಗಳಿಗೆ ಹೊಸ ರೀಲು ಕೊಡ್ಸಿ," ಎಂದ ದರ್ಜಿ. "ನಿಮ್ಮಂಥ ಒಳ್ಳೆಯವರ ಕೈಗೆ ಹೋಗುತ್ತಲ್ಲ, ಅಷ್ಟು ಸಾಕು."

"ಹಾಗನ್ನಬೇಡಿ ಅಣ್ಣಾ." ಅವಳಿಗೆ ಅವನ ಮುಖ ನೋಡಲಾಗಲಿಲ್ಲ. "ನೀವು ಆಚೆ ಹೋಗಿದ್ರಲ್ಲ, ಆಗ ನಾನು ಇದನ್ನ ತೆರೆದುಬಿಟ್ಟೆ. ರೀಲಿನ ಮೇಲೆ ಬಿಸಿಲು ಬಿತ್ತು."