ಬದಲಿ ಜಮೀನು

ವಾಹನಗಳ ನಡುವೆ ತುಸು ಬಿಡುವು ಸಿಕ್ಕಿದ್ದೇ ಮೂವರೂ ಓಡಿ ಹೆದ್ದಾರಿ ವೃತ್ತದ ನಡುವಿನ ಹುಲ್ಲುದಿಬ್ಬ ಹತ್ತಿದರು. "ಇದೇ ನಿಮ್ಮ ಹೊಸ ತೋಟ," ಎಂದ ಪುರಸಭೆಯ ಭೂ ಅಧಿಕಾರಿ ಕ್ರಿಸ್ಪಿನ್ ಲೋಥರ್, ಏದುಸಿರು ಬಿಡುತ್ತ.

ಊರವರು ಪುರಸಭೆಯಲ್ಲಿ ಹೆಸರು ಬರೆಸಿ, ವರ್ಷಗಟ್ಟಲೆ ಸರದಿ ಕಾದು, ಬಾಡಿಗೆಗೆ ಹಿಡಿದು ತರಕಾರಿ ಬೆಳೆಯುತ್ತಿದ್ದ ಜಾಗದಲ್ಲಿ ಪುರಸಭೆಗೆ ಕಾರು ನಿಲ್ದಾಣ ಬೇಕಿತ್ತು. ಅಷ್ಟೇ ಅಳತೆಯ ಬದಲಿ ಜಮೀನು ಕೊಡದೆ ತೋಟ ಮುಟ್ಟುವಂತಿಲ್ಲ ಎನ್ನುತ್ತಿತ್ತು ಕಾನೂನು. ಅದಕ್ಕೇ ತೋಟದವರ ಪರವಾಗಿ ಮುದುಕಿ ಮಿಸೆಸ್ ಕ್ಲೆಗ್, ಪಕ್ಕದ ಮಡಿಯ ಹೊರೇಸ್ ಗುದ್ದಲಿ ಹಿಡಿದು ಬಂದಿದ್ದರು.

"ದಿನವಿಡೀ ಬಿಸಿಲು. ಅಕ್ಕಪಕ್ಕದವರ ಕಾಟಾನೂ ಇಲ್ಲ," ಎಂದ ಲೋಥರ್.

"ಅಕ್ಕಪಕ್ಕದವರು ಐವತ್ತು ಮೈಲಿ ಸ್ಪೀಡಲ್ಲಿ ಹೋಗ್ತಿದ್ರೆ ಕಾಟ ಹೆಂಗೆ ಕೊಡ್ತಾರೆ?" ಎಂದ ಹೊರೇಸ್.

ಮಿಸೆಸ್ ಕ್ಲೆಗ್ ಮಂಡಿಯೂರಿ ಮಣ್ಣು ಮೂಸಿದಳು. ಗೊಬ್ಬರ ಹಾಕಿ ಹಾಕಿ ಹದ ಮಾಡಿದ ತನ್ನ ಹಳೆಯ ಮಡಿ ನೆನಪಾಗಿ ಕಣ್ಣು ತುಂಬಿತು. ಆದರೂ ಚೀಲದಿಂದ ಮೊಳಕೆಯ ಆಲೂಗಡ್ಡೆ ತೆಗೆದಳು. "ನೆಟ್ಟು ನೋಡ್ತೀವಿ. ಬೆಳೆ ಬಂದ್ರೆ ಹಳೇದನ್ನ ಬಿಡ್ತೀವಿ. ಈ ಜಾಗ ಇವತ್ತಿಂದ ನಮ್ದು ಅಂತ ಬರ್ಕೊಡು ಮಗಾ."

ಲೋಥರ್ ಹಿಗ್ಗಿ ಅಲ್ಲೇ ಬರೆದು ಸಹಿ ಹಾಕಿದ. ಸಭೆಗೆ ಹೊರಡಬೇಕೆಂದು ರಸ್ತೆಗೆ ಕಾಲಿಟ್ಟ. ಲಾರಿಯೊಂದು ಬೊಬ್ಬೆ ಹೊಡೆಯಿತು. ಮತ್ತೆ ಇಟ್ಟ, ಮತ್ತೆ ಹಾರಿ ಹಿಂದೆ ಬಂದ. ವಾಹನಗಳ ಸಾಲು ಮುಗಿಯಲಿಲ್ಲ. ಮಧ್ಯಾಹ್ನ ತೋಟದವರಿಬ್ಬರೂ ಬ್ರೆಡ್ಡು ಚೀಸು ತಿಂದರು. ಅವನಿಗೂ ಒಂದು ಚೂರು ಕೊಟ್ಟರು.

ಕೊನೆಗೆ ಪೊಲೀಸನೊಬ್ಬ ಕೈ ಅಡ್ಡ ಹಿಡಿದು ವಾಹನ ನಿಲ್ಲಿಸಿ ದಿಬ್ಬ ಹತ್ತಿದ. "ವೃತ್ತದ ಮೇಲೆ ನಿಲ್ಲೋದು ಅಪರಾಧ. ದಂಡ ಕಟ್ಟಿ, ಇಳೀರಿ."

"ನಾವು ತೋಟದವರಪ್ಪಾ. ಒಂದು ವರ್ಷ ಮುಂಚೆ ನೋಟಿಸ್ ಕೊಡ್ದೆ ನಮ್ಮನ್ನ ಯಾರೂ ಎಬ್ಬಿಸೋ ಹಾಗಿಲ್ಲ," ಎಂದು ಮಿಸೆಸ್ ಕ್ಲೆಗ್ ಕಾಗದ ಚಾಚಿದಳು.

ಪೊಲೀಸ ಓದಿದ. ಟೋಪಿ ಮುಟ್ಟಿ ಅವಳಿಗೆ ವಂದಿಸಿದ. ಆಮೇಲೆ ಲೋಥರ್‌ನ ಕಡೆ ತಿರುಗಿದ. "ಮತ್ತೆ ತಾವು?"

ಲೋಥರ್ ಹೊರೇಸ್‌ನ ಕೈಯಿಂದ ಗುದ್ದಲಿ ಕಿತ್ತುಕೊಂಡ. "ನಾನೂ ತೋಟದವನೇ. ಈ ಸಾಲು ನಂದು."

"ಸುಳ್ಳು ಯಾಕೆ ಹೇಳ್ತೀಯೋ ಮಗಾ," ಎಂದಳು ಮಿಸೆಸ್ ಕ್ಲೆಗ್, ಆಲೂಗಡ್ಡೆಯ ಮೇಲೆ ಮಣ್ಣೆಳೆಯುತ್ತ. "ಹೋಗಿ ನಿಮ್ಮ ಆಫೀಸಲ್ಲೇ ಹೆಸರು ಬರೆಸು. ಹನ್ನೊಂದು ವರ್ಷಕ್ಕೆ ನಿನ್ನ ಸರದಿ ಬರುತ್ತೆ."