ಗುಂಡಿಗೆ

ಗುಜರಿಯಿಂದ ಒಳಗೇನಿದೆಯೆಂದು ನೋಡದೆ ಕೊಂಡು ತಂದ ಪೆಟ್ಟಿಗೆಯಲ್ಲಿ ಇಪ್ಪತ್ತೆರಡು ಸಾಮಾನಿದ್ದವು. ಇಪ್ಪತ್ತೊಂದರ ಜಾತಕ ಲೇತ್ ಅಂಗಡಿಯ ಟರ್ನರ್‌ಗೆ ಕಂಡ ಕೂಡಲೇ ಗೊತ್ತಾಯಿತು. ಇಪ್ಪತ್ತೆರಡನೆಯದು ಮಾತ್ರ ಬಾಯಿ ಬಿಡಲಿಲ್ಲ. ಹೆಬ್ಬೆರಳಿಗಿಂತ ದಪ್ಪನೆಯ ಹಿತ್ತಾಳೆ ಹಿಡಿ, ಮೈಮೇಲೆ ಬೆಕ್ಕಿನ ನಾಲಿಗೆಯಂಥ ಸಣ್ಣ ತರಿ. ತುದಿಯಲ್ಲಿ ತೆಳ್ಳನೆಯ ಉಕ್ಕಿನ ತಂತಿಯನ್ನು ನೀರಹನಿಯ ಆಕಾರಕ್ಕೆ ಬಾಗಿಸಿದ ಕುಣಿಕೆ. ಬುಡದ ನಯವಾದ ಪಟ್ಟಿಯ ಮೇಲೆ ಯಾರೋ ಕೈಯಲ್ಲೇ ಗೀಚಿದ್ದ ಮೂರಕ್ಷರ: ಗುಂಡಿಗೆ.

ಪಕ್ಕದ ವೆಲ್ಡಿಂಗ್ ಅಂಗಡಿಯವನನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು. ಅವನ ಗಂಟಲಿಗೆ ಬಗ್ಗದ ದನಿ ಆ ಬೀದಿಯಲ್ಲಿರಲಿಲ್ಲ. ಹಿಡಿಯನ್ನು ಟರ್ನರನ ಎದೆಯ ಎಡಭಾಗಕ್ಕೆ ಒತ್ತಿ ಕ್ಷಣದಲ್ಲಿ ಮೂಗಿನಲ್ಲಿ ಮಾತಾಡುವ ಡಾಕ್ಟರಾದ. "ಉಸಿರು ಎಳ್ಕೊಳ್ಳಿ... ಬಿಡಿ... ನಿಮಗೆ ಗುಂಡಿಗೆ ಏನೋ ಇದೆ ಸ್ವಾಮಿ, ಒಳಗೆ ಮಾತ್ರ ಯಾರೂ ವಾಸ ಇಲ್ಲ!"

"ಎದೆಗುಂಡಿಗೆ ಅಲ್ಲ ಕಣೋ. ನಮ್ಮ ಹಳೇ ಮೇಸ್ತ್ರಿ ಹೇಳ್ತಿದ್ರು, ಕೊರೆದದ್ದು ಆಚೆಗೆ ದಾಟಿದ್ರೆ ತೂತು, ತಳ ಉಳಿದ್ರೆ ಗುಂಡಿ. ಗುಂಡಿ ಕೆಲಸಕ್ಕೆ ಅಂತ ಬರೆದಿದಾನೆ. ಒಳಗೆ ಸಿಕ್ಕಿಕೊಳ್ಳೋ ಚೂರು ಎಳೆಯೋಕೆ."

"ಅದಕ್ಕೆ ಕೊಕ್ಕೆ ಬೇಕು, ಇಲ್ಲಿರೋದು ಕುಣಿಕೆ. ಕುಣಿಕೇನೂ ಇದೆ, ಗುಂಡೀನೂ ಇದೆ. ನೇಣಿಂದ ಸಮಾಧಿವರೆಗೆ ಒಂದೇ ಸಾಮಾನಿನಲ್ಲಿ ಮುಗಿಸಿದಾನೆ, ಪುಣ್ಯಾತ್ಮ!"

"ಮಾಡಿದವನಿಗೆ ಕೈ ಇತ್ತು, ತಲೆ ಇರಲಿಲ್ಲ. ನಾನು ತಿದ್ದುತೀನಿ."

ತಿದ್ದಿದ. ಕುಣಿಕೆಯನ್ನು ಕತ್ತರಿಸಿ, ಉಳಿದ ತುಂಡನ್ನು ಮಸೆದು ಕೊಕ್ಕೆ ಮಾಡಿದ. ಹಿಡಿ ಕೈಗೆ ವಿಪರೀತ ದಪ್ಪ ಎನಿಸಿತು. ಲೇತಿಗೆ ಕಚ್ಚಿಸಿ ಮೈ ಇಳಿಸಿದ. ತರಿಯೂ ಮೂರಕ್ಷರವೂ ಹೊಂಬಣ್ಣದ ಸುರುಳಿಯಾಗಿ ನೆಲಕ್ಕೆ ಬಿದ್ದವು, ಸಂಜೆ ಪೊರಕೆಯ ಪಾಲಾದವು. ಕೊಕ್ಕೆ ಎರಡು ವಾರ ಚೆನ್ನಾಗಿಯೇ ದುಡಿಯಿತು.

ಮೂರನೆಯ ವಾರ ಮುದುಕಿಯೊಬ್ಬಳು ಬಂದು ಬಾಗಿಲಲ್ಲಿ ನಿಂತಳು. ಮಾಸಿದ ನೀಲಿ ಸ್ವೆಟರಿನ ಎರಡು ಅಂಚನ್ನು ಎರಡು ಪಿನ್ನುಗಳು ಹೇಗೋ ಹಿಡಿದುಕೊಂಡಿದ್ದವು. ಬೆರಳುಗಳು ಶುಂಠಿಯ ಕೊಂಬಿನಂತೆ ಗಂಟುಗಟ್ಟಿ ದಿಕ್ಕಿಗೊಂದರಂತೆ ಬಾಗಿದ್ದವು.

"ಗುಜರಿಯವನು ನಿನ್ನ ಅಂಗಡಿ ತೋರಿಸಿದ, ಮಗ. ಆ ಪೆಟ್ಟಿಗೆ ನಮ್ಮ ಯಜಮಾನರದ್ದು. ಅವರು ಹೋದ ಮೇಲೆ ಅಳಿಯ ಮನೆ ಚೊಕ್ಕಟ ಮಾಡೋ ಭರದಲ್ಲಿ ಎತ್ತಿ ಕೊಟ್ಟುಬಿಟ್ಟಿದಾನೆ. ಪೆಟ್ಟಿಗೆ ನೀನೇ ಇಟ್ಕೋ. ಅದರಲ್ಲೊಂದು ಹಿತ್ತಾಳೆ ಹಿಡಿ ಇತ್ತಲ್ಲ, ತುದಿಗೆ ತಂತಿ ಕುಣಿಕೆ? ಅದೊಂದು ಕೊಡು."

ಟರ್ನರನ ಕೈ ತಾನಾಗಿ ಏಪ್ರನ್ನಿನ ಜೇಬಿಗೆ ಹೋಯಿತು. ಹೋಗಿ ಅಲ್ಲೇ ಉಳಿಯಿತು. "ಅದು... ಏನಕ್ಕಮ್ಮ ಅದು?"

"ಬಟನ್ ಹಾಕ್ಕೊಳ್ಳೋಕೆ. ಕುಣಿಕೇನ ಕಾಜಾದೊಳಗೆ ತೂರಿಸಿ, ಬಟನ್ ಸಿಕ್ಕಿಸಿ ಈಚೆ ಎಳೆಯೋದು. ನನ್ನ ಕೈ ಹಿಂಗಾದ ಮೇಲೆ ದಿನಾ ಬೆಳಿಗ್ಗೆ ಬಟನ್ ಹಾಕ್ತಿದ್ದದ್ದು ಅವರೇ. ಆಸ್ಪತ್ರೆಯವರು ಅವರು ಇನ್ನು ಉಳಿಯಲ್ಲ ಅಂದ್ರಲ್ಲ, ಮಾರನೇ ದಿನ ಕೂತು ಇದನ್ನ ಮಾಡಿದ್ರು. ನಾನು ಸರಿಯಾಗಿ ನೋಡಲೂ ಇಲ್ಲ. ನೀವಿರೋವಾಗ ಇದ್ಯಾಕೆ ಅಂತ ಪೆಟ್ಟಿಗೆಗೆ ಎಸೆದುಬಿಟ್ಟೆ." ಸ್ವೆಟರಿನ ಪಿನ್ನು ಮುಟ್ಟಿಕೊಂಡಳು. "ಈಗ ಬೇಕಾಗಿದೆ."

ಟರ್ನರ್ ಜೇಬಿನಿಂದ ತೆಗೆದು ಅವಳ ಅಂಗೈಯಲ್ಲಿಟ್ಟ. ಅವಳು ಹೊರಳಿಸಿ ನೋಡಿದಳು, ಅಂಗಡಿಯ ಮೂಲೆಮೂಲೆ ನೋಡಿದಳು, ಉಳಿದರ್ಧ ಅಲ್ಲೆಲ್ಲೋ ಇರಬಹುದು ಎಂಬಂತೆ.

"ತಪ್ಪಾಯ್ತಮ್ಮ. ಅರ್ಧ ಗಂಟೆ ಕೂತ್ಕೊಳ್ಳಿ."

"ಬೆಸುಗೆ ನಾನು ಹಾಕ್ತೀನಿ," ಎಂದ ಪಕ್ಕದಂಗಡಿಯಿಂದ ಬಂದು ನಿಂತಿದ್ದ ರೇಡಿಯೋ. ಊರವರ ದನಿಯೆಲ್ಲ ಹೊರಡುತ್ತಿದ್ದ ಗಂಟಲಿನಿಂದ ಅವತ್ತು ಅವನದೇ ದನಿ ಹೊರಟಿತು. ತೀರ ಸಣ್ಣ ದನಿ.

ಹೊಸ ತಂತಿ ಬಾಗಿಸಿ ಕೂರಿಸಿದರು. ಸವೆಸಿದ ಹಿಡಿಗೆ ರಬ್ಬರ್ ಕೊಳವೆ ತೊಡಿಸಿ ಮತ್ತೆ ದಪ್ಪ ಮಾಡಿದರು. ಮುದುಕಿ ಪಿನ್ನು ಬಿಚ್ಚಿಸಿಕೊಂಡು, ಹಿಡಿಯನ್ನು ಮುಷ್ಟಿಯಲ್ಲಿ ಅವುಚಿ, ಕುಣಿಕೆ ತೂರಿಸಿದಳು. ಜಾರಿತು. ಇನ್ನೊಮ್ಮೆ ಜಾರಿತು. ಮೂರನೆಯ ಸಲ ಗುಂಡಿ ಕಾಜಾದಿಂದ ಪಟಕ್ಕನೆ ಈಚೆ ಬಂತು. ಹೀಗೆ ಐದೂ ಆಗುವವರೆಗೆ ಇಬ್ಬರು ಗಂಡಸರೂ ಉಸಿರು ಹಿಡಿದು ನಿಂತಿದ್ದರು.

ಟರ್ನರ್‌ಗೆ ಈಗ ಬಾಯಿ ಬಂತು. "ನಾನೊಬ್ಬ ದಡ್ಡ ನೋಡಮ್ಮ. ಯಜಮಾನರು ಅದರ ಮೇಲೆ 'ಗುಂಡಿಗೆ' ಅಂತ ಸ್ಪಷ್ಟವಾಗಿ ಬರೆದಿದ್ರು. ಸ್ವೆಟರ್ ಗುಂಡಿಗೆ ಅಂತ ನನಗೆ ಹೊಳೀಲೇ ಇಲ್ಲ, ಲೇತಿಗೆ ಹಾಕಿ ಅಳಿಸಿಬಿಟ್ಟೆ. ತನ್ನಿ, ಹಂಗೇ ಬರೆದುಕೊಡ್ತೀನಿ."

ಮುದುಕಿ ಕೊಡಲಿಲ್ಲ. "ಹಂಗಂತ ಬರೆದಿದ್ರಾ? ಗುಂಡಿಗೆ ಅಂತ?"

"ಅಷ್ಟೇ ಇದ್ದದ್ದು."

ಅವಳು ರಬ್ಬರನ್ನು ಹಿಂದಕ್ಕೆ ಸರಿಸಿ, ಬೋಳಾಗಿ ಹೊಳೆಯುತ್ತಿದ್ದ ಹಿತ್ತಾಳೆಯ ಮೇಲೆ ಸೊಟ್ಟ ಹೆಬ್ಬೆರಳನ್ನು ಬಹಳ ಹೊತ್ತು ಆಡಿಸಿದಳು.

"ಬೇಡ ಮಗ," ಎಂದು ಹಿಡಿಯನ್ನು ಎದೆಯ ಎಡಭಾಗಕ್ಕೆ ಒತ್ತಿಕೊಂಡಳು. "ಅವರು ಯಾವತ್ತೂ ಬಟನ್ ಅಂತಲೇ ಅನ್ನೋರು. ನಮ್ಮನೇಲಿ ಗುಂಡಿ ಅನ್ನೋ ಮಾತೇ ಇರಲಿಲ್ಲ."